ತೊಡೆ ತಟ್ಟದ ದ್ಯಾಮವ್ವ

ಕೋಳಿಗಳಿಗಿಂತ ಪೈಲ್ವಾನರೇ ಹೆಚ್ಚಾಗಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಕೆಂದೂಳಿಪುರ ಎಂಬ ರಾಜ್ಯ, ಅಲ್ಲೊಂದು ದೊಡ್ಡ ಗರಡಿಮನೆ. ಗರಡಿಯ ಉಸ್ತಾದ ಭರಮಪ್ಪ ಮೀಸೆ ತಿರುವಿದರೆ ಅರಮನೆಯ ಆನೆಯೂ ದಾರಿ ಬಿಡುತ್ತಿತ್ತು.

ಅಖಾಡದ ಕೆಮ್ಮಣ್ಣಿಗೆ ಬೆರೆಸುವ ಅರಿಸಿನ ಕುಟ್ಟುವವರು, ಮಜ್ಜಿಗೆ ಹೊತ್ತು ತರುವವರು ಅವನ ತಾಯಿ ಕೆಂಚಜ್ಜಿ ಮತ್ತು ಮಗಳು ದ್ಯಾಮವ್ವ. ಆದರೆ ಹೆಂಗಸರು ಗರಡಿಯ ಹೊಸ್ತಿಲು ದಾಟುವಂತಿಲ್ಲ. ಕೊಡ ಇಳಿಸಬೇಕು, ಬಾಗಿಲಲ್ಲೇ ನಿಂತು ನೋಡಬೇಕು, ತಿರುಗಿ ಹೋಗಬೇಕು. ಕೆಂಚಜ್ಜಿ ಹಾಗೆ ನಲವತ್ತು ವರ್ಷ ನೋಡಿದ್ದಳು. ಅಷ್ಟು ನೋಡಿದವಳು ಸುಮ್ಮನಿರುತ್ತಾಳೆಯೇ? ಒಂದೊಂದು ಪಟ್ಟನ್ನೂ ಮೊಮ್ಮಗಳಿಗೆ ಎಮ್ಮೆ ಕೊಟ್ಟಿಗೆಯಲ್ಲಿ ಕಲಿಸಿಬಿಟ್ಟಳು. ಗೋಡೆಯಾಚೆಗೇ ಗರಡಿ. ಸದ್ದಾದರೆ ಭರಮಪ್ಪನಿಗೆ ಕೇಳಿಸುತ್ತದೆ. ಬಿದ್ದರೂ ಅಯ್ಯೋ ಅನ್ನುವಂತಿಲ್ಲ, ಸೊಳ್ಳೆ ಕಚ್ಚಿದರೂ ಹೊಡೆಯುವಂತಿಲ್ಲ. ಸದ್ದಿಲ್ಲದ ಕುಸ್ತಿ ಅದು.

ಹೀಗಿರಲಾಗಿ ಒಂದು ದಿನ ಢಕ್ಕಭೈರನೆಂಬ ಮಾಂತ್ರಿಕ ಗಾಳಿಯಲ್ಲಿ ಈಜುವ ಮೊಸಳೆಯ ಮೇಲೆ ಕುಳಿತು ಬಂದ.

"ನನ್ನ ಬೆನ್ನಿಗೆ ಇದುವರೆಗೆ ಮಣ್ಣು ಹತ್ತಿಲ್ಲ. ಹತ್ತಿದ ದಿನ ನನ್ನ ಮಾಯೆಯೆಲ್ಲ ಆ ಮಣ್ಣು ಸೇರುತ್ತದೆ. ಮೂರು ದಿನದೊಳಗೆ ನನ್ನನ್ನು ಕೆಡವಿ. ಇಲ್ಲದಿದ್ದರೆ ಸಿಂಹಾಸನ ನನ್ನದು" ಅಂದ.

ಮೊದಲನೆಯ ದಿನ ಗುಂಡುಕಲ್ಲಿನಂಥ ಈರಣ್ಣ ಅಖಾಡಕ್ಕಿಳಿದ. ಪದ್ಧತಿಯಂತೆ ಛಟೀರ್ ಎಂದು ತೊಡೆ ತಟ್ಟಿದ. ತಟ್ಟಿದ್ದೇ ತಡ, ಹುಂಜವಾದ. ತಟ್ಟಿದ್ದರಿಂದಲೇ ಹಾಗಾಯಿತೆಂದು ಎಲ್ಲರಿಗೂ ಗೊತ್ತಾಯಿತು. ತೊಡೆ ತಟ್ಟಬೇಡ ಎಂದು ಮರುದಿನ ರಾಜನೇ ಸೋಮಲಿಂಗನ ಕೈ ಹಿಡಿದು ಹೇಳಿದ. ಅವನು ಗಂಭೀರವಾಗಿ ತಲೆಯಾಡಿಸಿದ, ಅಖಾಡಕ್ಕಿಳಿದ, ತಟ್ಟಿದ. ನಗಬೇಡಿ, ಇಪ್ಪತ್ತು ವರ್ಷದ ಅಭ್ಯಾಸ, ಪಾಪ, ಕೈ ಮಾತು ಕೇಳಬೇಕಲ್ಲ.

ಮೂರನೆಯ ದಿನ ಭರಮಪ್ಪ ಎರಡೂ ಕೈಗಳನ್ನು ಸೊಂಟಕ್ಕೆ ಹಗ್ಗದಿಂದ ಕಟ್ಟಿಸಿಕೊಂಡು ಬಂದ. ಜನ ಅವನ ಹೆಸರು ಹಿಡಿದು ಕೂಗಿದರು, ಡೊಳ್ಳು ಬಾರಿಸಿದರು. ಅಷ್ಟೇ, ಹಗ್ಗ ಪಟ್ಟನೆ ಹರಿಯಿತು. ರಾಜ್ಯದಲ್ಲಿ ಹುಂಜಗಳು ಮೂರಾದವು.

ಸಂಜೆಯೊಳಗೆ ಬೇರೆ ಯಾರೂ ಬಾರದಿದ್ದರೆ ಮೂರನ್ನೂ ಸಾರು ಮಾಡಿಸುತ್ತೇನೆ ಎಂದು ಢಕ್ಕಭೈರ ಆಗಲೇ ಮಸಾಲೆ ಅರೆಯಲು ಹೇಳಿದ. ಅದನ್ನು ಕೇಳಿ ದ್ಯಾಮವ್ವನಿಗೆ ತಡೆಯಲಾಗಲಿಲ್ಲ. ಎಷ್ಟಾದರೂ ಅಪ್ಪ. ಸೀರೆಯನ್ನು ಬಿಗಿಯಾಗಿ ಕಚ್ಚೆ ಹಾಕಿ ಗರಡಿಗೆ ನಡೆದಳು. ಬಾಗಿಲಲ್ಲಿ ಒಂದು ಹುಂಜ ರೆಕ್ಕೆ ಅಗಲಿಸಿ ಹೊಸ್ತಿಲಿಗೆ ಅಡ್ಡ ನಿಂತಿತು. ಬೇರೆ ಯಾರು, ಭರಮಪ್ಪನೇ. ಹುಂಜವಾದರೂ ಹಠ ಹೋಗಿರಲಿಲ್ಲ.

"ಅಪ್ಪಾ, ಮೊದಲು ಮನುಷ್ಯನಾಗು, ಆಮೇಲೆ ಬೈ" ಎಂದು ಅವನನ್ನು ಎತ್ತಿ ಅಜ್ಜಿಯ ಕಂಕುಳಿಗೆ ಕೊಟ್ಟು ಒಳಗೆ ಕಾಲಿಟ್ಟಳು.

ಢಕ್ಕಭೈರ ಹೊಟ್ಟೆ ಹಿಡಿದು ನಕ್ಕ. ಕುಸ್ತಿ ನಿನಗ್ಯಾಕೆ, ಮನೆಗೆ ಹೋಗಿ ರೊಟ್ಟಿ ಬಡಿ ಅಂದ. ರೋಷಕ್ಕೆ ತಟ್ಟುತ್ತಾಳೆ ಎಂಬುದು ಅವನ ಲೆಕ್ಕ.

"ಬಡಿದಿಟ್ಟೇ ಬಂದಿದ್ದೇನೆ" ಅಂದಳು ದ್ಯಾಮವ್ವ.

ಆಗ ಅವನು ಚಿಟಿಕೆ ಹೊಡೆದ. ಆಕಾಶದಿಂದ ಹೂ ಸುರಿಯಿತು, ನೂರು ನಗಾರಿ ಮೊಳಗಿತು, ಕಂಬಗಳೂ ಅವಳ ಹೆಸರು ಕೂಗಿದವು. ಹುಟ್ಟಿದಾಗಿನಿಂದ ಯಾರೂ ಅವಳನ್ನು ಹಾಗೆ ಕೂಗಿರಲಿಲ್ಲ. ಎದೆ ಉಬ್ಬಿತು, ಕೈ ಮೇಲೆದ್ದೇಬಿಟ್ಟಿತು. ಹೊಸ್ತಿಲಾಚೆ ಕೆಂಚಜ್ಜಿ ತುಟಿಯ ಮೇಲೆ ಬೆರಳಿಟ್ಟಳು, ಕೊಟ್ಟಿಗೆಯಲ್ಲಿ ದಿನಾ ಇಡುತ್ತಿದ್ದ ಹಾಗೆ. ಎದ್ದ ಕೈ ಮೆಲ್ಲಗೆ ಕೆಳಗಿಳಿಯಿತು.

ಕೊನೆಗೆ ಮಾಂತ್ರಿಕ ಗುಬ್ಬಿ ಗಾತ್ರದ ಸೊಳ್ಳೆಯೊಂದನ್ನು ಬಿಟ್ಟ. ಅದು ನೇರ ಬಂದು ಅವಳ ತೊಡೆಯ ಮೇಲೆ ಕೂತು ರಕ್ತ ಹೀರತೊಡಗಿತು. ನೋಡಿದವರಿಗೆಲ್ಲ ತುರಿಕೆ. ರಾಜ ಕಿರೀಟ ತೆಗೆದು ತಲೆ ಕೆರೆದುಕೊಂಡ. ದ್ಯಾಮವ್ವ ಕಣ್ಣು ಮಿಟುಕಿಸಲಿಲ್ಲ. ಅವಳ ಕೊಟ್ಟಿಗೆಯ ಸೊಳ್ಳೆಗಳು ಇದಕ್ಕಿಂತ ಮನಸ್ಸಿಟ್ಟು ಕಚ್ಚುತ್ತಿದ್ದವು.

ಢಕ್ಕಭೈರ ಬಾಯಿ ತೆರೆದು ಸೊಳ್ಳೆಯನ್ನೇ ನೋಡುತ್ತಿದ್ದ. ಅಷ್ಟರಲ್ಲಿ ದ್ಯಾಮವ್ವ ಸದ್ದಿಲ್ಲದೆ ಅವನ ಕಂಕುಳ ಕೆಳಗೆ ನುಗ್ಗಿ, ಸೊಂಟಕ್ಕೆ ಏರಿಸಿ, ಎತ್ತಿ ಒಗೆದಳು. ಅವನ ಬೆನ್ನು ಕೆಮ್ಮಣ್ಣಿಗೆ ಧೊಪ್ಪನೆ ಬಿತ್ತು. ಮಾಯೆಯೆಲ್ಲ ಮಣ್ಣು ಸೇರಿತು. ಮೊಸಳೆ ಹಲ್ಲಿಯಾಗಿ ಗೋಡೆ ಹತ್ತಿತು, ಹುಂಜಗಳು ಗಂಡಸರಾದವು. ಅಜ್ಜಿಯ ಕಂಕುಳಲ್ಲಿದ್ದ ಭರಮಪ್ಪನೂ ತಟ್ಟನೆ ಭರಮಪ್ಪನಾದ. ಅಷ್ಟು ಭಾರ ತಡೆಯಲಾರದೆ ಅಜ್ಜಿ ಅವನನ್ನು ಹೊಸ್ತಿಲ ಮೇಲೇ ಬಿಟ್ಟಳು.

ಅವನು ಕುಳಿತಲ್ಲಿಂದಲೇ ಮಗಳನ್ನು ನೋಡಿದ, ಆಮೇಲೆ ತಾಯಿಯನ್ನು ನೋಡಿದ. ಈ ಪಟ್ಟು ಕಲಿಸಿದ್ದು ಯಾರು ಎಂದು ಕೇಳಿದ.

"ನಿನ್ನದೇ ಕೊಟ್ಟಿಗೆಯಲ್ಲಿ ನಾನೇ ಕಲಿಸಿದೆ. ನೀನು ಕೇಳಿಸಿಕೊಳ್ಳಲಿಲ್ಲ" ಅಂದಳು ಕೆಂಚಜ್ಜಿ.

ಭರಮಪ್ಪನಿಗೆ ಅಳು ಬಂತು. ಎಲ್ಲರೆದುರೇ ಅತ್ತ. ಆಮೇಲೆ ಎದ್ದು ಹೊಸ್ತಿಲು ಬಿಟ್ಟು ಪಕ್ಕಕ್ಕೆ ಸರಿದ. "ಒಳಗೆ ಬಾ, ಅವ್ವಾ" ಅಂದ. ನಲವತ್ತು ವರ್ಷ ಬಾಗಿಲಲ್ಲಿ ನಿಂತ ಕಾಲುಗಳು ಅಂದು ಕೆಮ್ಮಣ್ಣು ತುಳಿದವು.

ಅಂದಿನಿಂದ ಕೆಂದೂಳಿಪುರದ ಹೆಣ್ಣುಮಕ್ಕಳೆಲ್ಲ ಗರಡಿಗೆ ಬಂದರು. ಕೆಂಚಜ್ಜಿ ಉಸ್ತಾದಳಾದಳು, ಊರು ಸುಖವಾಗಿತ್ತು. ಮಜ್ಜಿಗೆ ಹೊರುವ ಕೆಲಸ ಢಕ್ಕಭೈರನಿಗೆ ಬಿತ್ತು. ದಿನಾ ಹೊಸ್ತಿಲಲ್ಲಿ ಕೊಡ ಇಳಿಸಿ ನಿಲ್ಲುತ್ತಾನೆ. ಕೊಟ್ಟಿಗೆಯ ಸೊಳ್ಳೆಗಳು ಬಂದು ಅವನ ತೊಡೆಗೆ ಮುತ್ತುತ್ತವೆ. ತನ್ನ ಮಾಯೆ ಪೂರ್ತಿ ಹೋಗಿದೆಯೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಅದಕ್ಕೇ ಪಾಪ, ಕಚ್ಚಿಸಿಕೊಂಡು ಸುಮ್ಮನೆ ನಿಂತಿರುತ್ತಾನೆ.