ಎಂಜಲು ಹಚ್ಚಿದ ಪಟ್ಟಿ

"ಹನ್ನೊಂದನೇ ಪುಸ್ತಕದ ಕೊನೇ ಪುಟದಲ್ಲಿ ಒಂದು ಕಾಗದದ ಪಟ್ಟಿ ಅಂಟಿಸದೆ ಬಿಟ್ಟಿದೆ. ಅದನ್ನ ಹಾಗೇ ಬಿಡಪ್ಪ. ಬಿಡಕ್ಕಾಗದೆ ಅಂಟಿಸಿದರೂ, ನಾಲಿಗೆ ಮಾತ್ರ ತಾಗಿಸಬೇಡ."

ವರ್ನಾ ಹಾಲ್ವರ್ಸನ್ ಇದನ್ನು ಹೇಳುವಾಗ ಅವನ ಮುಖ ನೋಡಲಿಲ್ಲ. ಕಿಟಕಿಯಾಚೆ ಹೆಪ್ಪುಗಟ್ಟುತ್ತಿದ್ದ ಸರೋವರವನ್ನು ನೋಡುತ್ತಿದ್ದಳು.

ಲೈಲ್ ಪ್ರೂಯೆಟ್ ನಕ್ಕ. ಯಾವುದನ್ನಾದರೂ ನೋಡುವ ಮೊದಲೇ ಮೂಗು ಮುರಿದು, ಆಮೇಲೆ ಕಣ್ಣು ಬಿಡುವ ಜಾತಿಯ ಮನುಷ್ಯ ಅವನು.

"ಯಾಕಮ್ಮ, ನಿಮ್ಮ ಒಟಿಲಿ ವಿಷ ಗಿಷ ಬಳಿದಿದ್ದಾಳಾ?"

"ವಿಷ ಆಗಿದ್ದರೆ ಡಾಕ್ಟರ್ ಹತ್ರ ಹೋಗಬಹುದಿತ್ತು."

"ಮತ್ತಿನ್ನೇನು, ಮಾಟಾನಾ? ಈ ಡಲೂತ್ ಊರಲ್ಲಿ ಚಳಿಗೆ ತಲೆನೂ ಹೆಪ್ಪುಗಟ್ಟುತ್ತೆ ಅಂತ ಗೊತ್ತಿರಲಿಲ್ಲ."

ವರ್ನಾ ಬಾಗಿಲ ಕಡೆ ತಿರುಗಿದಳು. "ಕೆಳಗೆ ಹೋಗಿ ಸೂಪ್ ಬಿಸಿ ಮಾಡ್ಕೊಂಡು ಬರ್ತೀನಿ. ನಾನು ಹೇಳಬೇಕಾದ್ದು ಹೇಳಿದೆ," ಎಂದು ಮೆಟ್ಟಿಲಿಳಿದಳು. ಹೇಳಿದೆ ಅನ್ನುವಾಗ ಅವಳ ದನಿ ಚೂರು ನಡುಗಿತು. ಅದು ಲೈಲ್‌ನ ಕಿವಿಗೆ ಬೀಳಲಿಲ್ಲ. ಬೇರೆಯವರ ದನಿ ಅವನ ಕಿವಿಗೆ ಬೀಳುವುದೇ ಕಡಿಮೆ.

ಅವನು ಶಿಕಾಗೋದವನು. ತೆರೆದರೆ ಕೋಟೆ ಏಳುವ, ಎಳೆದರೆ ತಿಮಿಂಗಿಲ ಬಾಲ ಬಡಿಯುವ ಪಾಪ್-ಅಪ್ ಪುಸ್ತಕಗಳನ್ನು ರೂಪಿಸುವುದರಲ್ಲಿ ಅವನ ಹೆಸರು ದೊಡ್ಡದು. ಕಾಗದವನ್ನು ಬೆರಳ ತುದಿಯಲ್ಲಿ ಮುಟ್ಟಿ ಅದರ ನಾರು ಯಾವ ಕಡೆ ಓಡುತ್ತದೆಂದು ಹೇಳುವಂಥ ಕೈಗಳು. ಆ ಎರಡು ಕೈ ಬಿಟ್ಟರೆ ಅವನಲ್ಲಿ ಬೇರೆ ಏನೂ ಇರಲಿಲ್ಲ. ಹೆಂಡತಿ ಬಿಟ್ಟುಹೋದಾಗ ಅವಳೇ ಹಾಗಂದಿದ್ದಳು. ಅವನು ಅದನ್ನು ಹೊಗಳಿಕೆಯೆಂದು ತಿಳಿದ.

ವರ್ನಾಳ ಹಳೆಯ ಗೆಳತಿ ಒಟಿಲಿ ಬ್ರೆಕ್ ಸತ್ತು ಎರಡು ತಿಂಗಳಾಗಿತ್ತು. ಮೂವತ್ತು ವರ್ಷ ಇದೇ ಹಳೆಯ ಗೋದಾಮಿನ ಮಹಡಿಯಲ್ಲಿ ಕೂತು, ಕಾಗದವನ್ನೂ ತಾನೇ ತಯಾರಿಸಿ, ಹೊಲಿದು, ಮಡಚಿ, ಒಂದೊಂದೇ ಪ್ರತಿಯ ಹನ್ನೊಂದು ಪುಸ್ತಕ ಮಾಡಿಟ್ಟಿದ್ದಳು. ಶನಿವಾರದಿಂದ ಅವುಗಳ ಪ್ರದರ್ಶನ. ಪುಸ್ತಕಗಳನ್ನು ಪರೀಕ್ಷಿಸಿ ಸಜ್ಜು ಮಾಡಲು ಲೈಲ್ ಬಂದಿದ್ದ. ಹತ್ತನ್ನು ಬೆಳಗ್ಗೆಯೇ ಮುಗಿಸಿದ್ದ. ಒಂದೊಂದಕ್ಕೂ ಒಂದೊಂದು ಕೊಂಕು. ಇದರ ಹೊಲಿಗೆ ಅಜ್ಜಿಯರ ಸ್ವೆಟರ್ ಥರ. ಇದರ ಚಕ್ರ ಆಟದ ಸಾಮಾನು. ಇದರ ಬಣ್ಣ ಚರ್ಚಿನ ಊಟದ ಬುಟ್ಟಿ.

ಉಳಿದದ್ದು ಹನ್ನೊಂದನೆಯದು.

ಮಧ್ಯಾಹ್ನ ಹನ್ನೆರಡೂ ಆಗಿರಲಿಲ್ಲ. ಸರೋವರದ ಕಡೆಯಿಂದ ಹಿಮದ ಮೋಡವೊಂದು ಎದ್ದು ಬಂದು ಕಿಟಕಿಗೆ ಒರಗಿಕೊಂಡಿತು. ಕೋಣೆ ಬೂದಿಯ ಬಣ್ಣಕ್ಕೆ ತಿರುಗಿತು. ಗೋಡೆ ಬದಿಯ ಬಿಸಿನೀರ ಕೊಳವೆ ಟಿಕ್ ಟಿಕ್ ಎನ್ನುತ್ತಿತ್ತು. ಹುಳಿ ಬಂದ ಗೋಧಿ ಅಂಟಿನ ವಾಸನೆ, ಒದ್ದೆ ಉಣ್ಣೆಯ ವಾಸನೆ, ಅವುಗಳಡಿಯಲ್ಲಿ ಸುಟ್ಟ ಕೂದಲಿನಂಥ ಮತ್ತೇನೋ.

ಲೈಲ್ ರಟ್ಟು ಎತ್ತಿದ.

ಮೊದಲ ಪುಟದಲ್ಲಿ ಸರೋವರ ಅಲೆಯಲೆಯಾಗಿ ಎದ್ದಿತು. ಎರಡನೆಯದರಲ್ಲಿ ಹಡಗು ಮಂಜಿನೊಳಗಿಂದ ಜಾರಿ ಬಂತು. ಯಾವ ದಾರವೂ ಕಾಣಲಿಲ್ಲ, ಎಳೆಯುವ ಪಟ್ಟಿಯೂ ಕಾಣಲಿಲ್ಲ. ಹೇಗೆ ಚಲಿಸಿತೆಂದು ಲೈಲ್‌ಗೆ ತಿಳಿಯಲಿಲ್ಲ. ತಿಳಿಯದ್ದಕ್ಕೆ ಕೋಪ ಬಂತು. ಸರಸರನೆ ಪುಟ ತಿರುವಿದ.

ಕೊನೆಯ ಪುಟದಲ್ಲಿ ಇದೇ ಕೋಣೆ ಎದ್ದು ನಿಂತಿತು. ಇದೇ ಮೇಜುಗಳು, ಇದೇ ಕಿಟಕಿ. ನಡುವೆ ಬಿಳಿ ಕಾಗದದ ಒಬ್ಬ ಗಂಡಸು, ಮುಖ ಕೆಳಗಾಗಿ ಬೋರಲು ಬಿದ್ದಿದ್ದ. ಅವನ ಸೊಂಟದಿಂದ ಹೊರಟ ಪಟ್ಟಿಯೊಂದು ಯಾವುದಕ್ಕೂ ಅಂಟದೆ ನಾಲಿಗೆಯಂತೆ ಚಾಚಿಕೊಂಡಿತ್ತು. ಅಂಚೆಚೀಟಿಯ ಬೆನ್ನಿನ ಹಾಗೆ ಅದರ ಮೇಲೆ ಒಣಗಿದ ಗೋಂದಿನ ಹೊಳಪು.

"ಮೂವತ್ತು ವರ್ಷ ಮಾಡಿದಳು," ಎಂದ ಲೈಲ್, ಖಾಲಿ ಕೋಣೆಗೆ ಕೇಳಿಸುವಂತೆ, "ಒಂದು ಪಟ್ಟಿ ಅಂಟಿಸೋಕೆ ಬರಲಿಲ್ಲ."

ಆ ಕೋಣೆಯ ಪ್ರತಿ ಮೇಜಿನ ಮೇಲೂ ಒದ್ದೆ ಸ್ಪಂಜಿನ ಬಟ್ಟಲಿತ್ತು. ಗೋಂದಿನ ಪಟ್ಟಿಯನ್ನು ಅಲ್ಲಿ ಯಾರೂ ನೆಕ್ಕುತ್ತಿರಲಿಲ್ಲ; ಒಟಿಲಿ ನೆಕ್ಕಗೊಡುತ್ತಿರಲಿಲ್ಲ. ಸ್ಪಂಜು ಎರಡು ಹೆಜ್ಜೆ ದೂರದಲ್ಲಿತ್ತು. ಆದರೆ ಲೈಲ್ ಇಪ್ಪತ್ತೈದು ವರ್ಷದಿಂದ ಪಟ್ಟಿಗಳನ್ನು ನಾಲಿಗೆಯಿಂದಲೇ ಒದ್ದೆ ಮಾಡಿದವನು. ಸ್ಪಂಜು ಹಿಡಿಯುವ ವಿದ್ಯಾರ್ಥಿಗಳನ್ನು ಕಂಡರೆ ಅವನಿಗೆ ನಗು.

ಬಗ್ಗಿದ. ನೆಕ್ಕಿದ.

ಮೊದಲು ಸಿಹಿ. ಆಮೇಲೆ ಬೂದಿ. ಅದರಾಚೆ ಹೆಸರಿಡಲಾಗದ ಒಂದು ರುಚಿ. ತನ್ನದೇ ಹಳೆಯ ದಿಂಬನ್ನು ಕಚ್ಚಿದ ಹಾಗೆ.

ಪಟ್ಟಿಯನ್ನು ಒತ್ತಿದ. ಮಡಿಕೆ ತೀಡುವ ಮೂಳೆ ಕಡ್ಡಿಯಿಂದ ಉಜ್ಜಿದ. ಬಿಳಿ ಗಂಡಸು ಎದ್ದು ನಿಂತ. ಅವನಿಗೆ ಮುಖವಿರಲಿಲ್ಲ. ಲೈಲ್ ಪೆನ್ಸಿಲ್ ತೆಗೆದು, ಒಟಿಲಿಯ ಹೆಸರಿನ ಕೆಳಗೆ ಬರೆದ: ದೋಷ ತಿದ್ದಿದವರು, ಲೈಲ್ ಪ್ರೂಯೆಟ್. ಎಡಗೈಯಿಂದ ಪುಸ್ತಕ ಮುಚ್ಚಿದ.

ಅವನ ಬಲಗೈ ಮಡಚಿಕೊಂಡಿತು.

ಮುಷ್ಟಿ ಕಟ್ಟಿದ ಹಾಗಲ್ಲ. ಅಂಗೈ ನಟ್ಟನಡುವೆ ಗೆರೆ ಮೂಡಿ, ಕಿರುಬೆರಳು ಹೆಬ್ಬೆರಳಿನ ಮೇಲೆ ಬಂದು ಕೂತಿತು. ದಪ್ಪ ಹಾಳೆಯ ಮೇಲೆ ಮೂಳೆ ಕಡ್ಡಿ ಎಳೆದಂತೆ, ಸರ್ರ್ ಎಂಬ ಸದ್ದು. ರಕ್ತವಿಲ್ಲ. ನೋವೂ ಇಲ್ಲ.

ಪುಸ್ತಕ ತೆರೆದ. ಕೈ ಬಿಚ್ಚಿಕೊಂಡಿತು. ನಡುವೆ ಬಿಳಿಯ ಗೀರು ಉಳಿಯಿತು.

ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದರು. ಲೈಲ್ ಕಸುಬುದಾರ. ಯಾವ ಚಲನೆಯನ್ನಾದರೂ ಇನ್ನೊಮ್ಮೆ ಮಾಡಿ ನೋಡದೆ ನಂಬುವವನಲ್ಲ. "ಭ್ರಮೆ," ಎಂದ. ಇನ್ನೊಮ್ಮೆ ಮುಚ್ಚಿದ.

ಕೈ. ಮಣಿಕಟ್ಟು. ಮೊಣಕೈ, ತಿರುವುಮುರುವಾಗಿ. ಭುಜ. ಕತ್ತು ಎದೆಯ ಮೇಲೆ ಬಿತ್ತು. ಸೊಂಟ ಮುರಿಯಿತು. ಅವನ ಮೂಗು ಅವನ ಮಂಡಿಗೆ ತಾಗಿತು. ಸರ್ರ್. ಸರ್ರ್. ಎಡಗೈ ಒಂದೇ ಹೊರಗಿತ್ತು. ಅದು ತಡಕಾಡಿತು. ಮೇಜಿನ ಅಂಚು ಸಿಕ್ಕಿತು. ರಟ್ಟು ಸಿಕ್ಕಿತು. ಎತ್ತಿತು.

ಅವನು ಎದ್ದು ನಿಂತ. ತಾನಾಗಿ ಅಲ್ಲ. ಪುಟ ಎಬ್ಬಿಸಿತು.

ಆಗ ಕಿರುಚಿದ.

ವರ್ನಾ ಮೇಲೆ ಬಂದಳು. ಕೈಯಲ್ಲಿದ್ದ ಸೂಪಿನ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು.

"ನೆಕ್ಕಿದೆಯಾ?"

"ಕತ್ತರಿಸು! ಆ ಪಟ್ಟಿ ಕತ್ತರಿಸು ಮುದುಕಿ!"

"ಅದನ್ನ ಕತ್ತರಿಸಿದರೆ ನೀನು ಎರಡಾಗ್ತೀಯ. ಆ ಬಿಳಿ ಗಂಡಸು ಯಾವ ಕಾಗದದಿಂದ ಆಗಿದ್ದಾನೆ ಗೊತ್ತಾ?" ಅವಳು ಹತ್ತಿರ ಬರಲಿಲ್ಲ. "ಒಂಬತ್ತು ವರ್ಷದ ಹಿಂದೆ ಒಂದು ಸ್ಪರ್ಧೆಗೆ ನೀನು ತೀರ್ಪುಗಾರ ಆಗಿದ್ದೆ. ಒಟಿಲಿ ಪುಸ್ತಕ ಕಳಿಸಿದ್ದಳು. ನೀನು ಅದರ ಜೊತೆ ಒಂದು ಚೀಟಿ ಬರೆದು ವಾಪಸ್ ಕಳಿಸಿದೆ."

"ನೆನಪಿಲ್ಲ."

"'ಇದನ್ನು ಮುಚ್ಚಿದಾಗ ಚೆನ್ನಾಗಿ ಕಾಣುತ್ತದೆ' ಅಂತ ಬರೆದಿದ್ದೆ. ಅಷ್ಟೇ. ಅವಳು ಮೂರು ದಿನ ಅನ್ನ ನೀರು ಮುಟ್ಟಲಿಲ್ಲ. ಆಮೇಲೆ ಆ ಚೀಟಿನ ನೆನೆಸಿ, ಅರೆದು, ಏನೇನೋ ಸುಟ್ಟು ಹಾಕಿ ಹಾಳೆ ಮಾಡಿದಳು. ನಿನ್ನ ಕೈಬರಹ ಇತ್ತು. ಮಾಟ ಹಿಡಿಯೋಕೆ ಬೇಕಾದ ನಿನ್ನ ಎಂಜಲು ಮಾತ್ರ ಇರಲಿಲ್ಲ. 'ನನ್ನ ಕೆಲಸಕ್ಕೆ ಗೌರವ ಕೊಡೋನಾದರೆ ಪಟ್ಟಿ ಮುಟ್ಟಲ್ಲ, ಬಚಾವಾಗ್ತಾನೆ' ಅಂದಳು. ಸಾಯೋ ಮುಂಚೆ ನನ್ನ ಹತ್ರ ಮಾತು ತಗೊಂಡಳು. ಪ್ರದರ್ಶನಕ್ಕೆ ನಿನ್ನನ್ನೇ ಕರೆಸಬೇಕು, ಎಚ್ಚರಿಕೆ ಹೇಳಬೇಕು, ತಡೀಬಾರದು ಅಂತ."

"ಬಿಡಿಸೋದು ಹೇಗೆ? ಅದನ್ನ ಹೇಳು!"

"ಅದೇ ಎಂಜಲಿಂದ ನೆನೆಸಿ ಬಿಡಿಸಬೇಕು, ಗೋಂದು ಒಣಗೋ ಮುಂಚೆ. ಅದಕ್ಕೂ ಮೊದಲು ಒಂದು ಮಾತು. 'ಒಟಿಲಿ, ನಿನ್ನ ಕೆಲಸದಲ್ಲಿ ತಪ್ಪಿರಲಿಲ್ಲ' ಅನ್ನು. ಬೇಗ, ಲೈಲ್."

ಲೈಲ್ ಬಾಯಿ ತೆರೆದ. ಕಣ್ಣು ಪಟ್ಟಿಯ ಮೇಲೆ ಹೋಯಿತು. ಅಂಟು ಇನ್ನೂ ಒದ್ದೆಯಿತ್ತು, ಅಂಚಿನಲ್ಲಿ ಮಿನುಗುತ್ತಿತ್ತು. ನಾಲ್ಕು ಪದ ಸಾಕಿತ್ತು. ಅಷ್ಟೂ ಹೊತ್ತು, ಬೆವರಿನಲ್ಲಿ ನೆಂದ, ಬಿಳಿ ಗೀರು ಬಿದ್ದ ಆ ಮನುಷ್ಯ ಲೆಕ್ಕ ಹಾಕುತ್ತಿದ್ದ: ಪಟ್ಟಿ ಎರಡು ಕೂದಲೆಳೆ ಅಗಲ ಹೆಚ್ಚು.

"ಆದರೆ ತಪ್ಪಿತ್ತಲ್ಲ!" ಎಂದ.

ವರ್ನಾ ಕಣ್ಣು ಮುಚ್ಚಿಕೊಂಡಳು.

ಮಿನುಗು ಆರುತ್ತ ಬಂತು. ಅಂಚಿನಿಂದ ನಡುವಿಗೆ. ಆಗ ಅವನಿಗೆ ಅರ್ಥವಾಯಿತು. ಹೇಳಿದ. ಕೂಗಿ ಹೇಳಿದ. ತಪ್ಪಿರಲಿಲ್ಲ. ತಪ್ಪಿರಲಿಲ್ಲ, ಒಟಿಲಿ. ಬಗ್ಗಿ ನಾಲಿಗೆ ಇಟ್ಟ. ಒಣಗಿತ್ತು. ಪಟ್ಟಿಯಲ್ಲ, ನಾಲಿಗೆ. ಭಯಕ್ಕೆ ಬಾಯಿಯ ಪಸೆ ಆರಿಹೋಗಿತ್ತು. ಕೆನ್ನೆ ಕಚ್ಚಿದ. ರಕ್ತ ಬರಲಿಲ್ಲ. ಮೂಗಿಗೆ ಹಿಟ್ಟಿನ ವಾಸನೆ ಬಂತು. ನಾಲಿಗೆ ಉಜ್ಜಿದ. ಉಜ್ಜಿದ. ಹಾಳೆಗೆ ಹಾಳೆ ಉಜ್ಜಿದ ಸದ್ದು.

ಶನಿವಾರ ಪ್ರದರ್ಶನ ತೆರೆಯಿತು. ಹನ್ನೊಂದನೆಯ ಪುಸ್ತಕವನ್ನು ಕೊನೆಯ ಪುಟಕ್ಕೇ ತೆರೆದಿಟ್ಟಿದ್ದರು. ಪಕ್ಕದ ಕುರ್ಚಿಯಲ್ಲಿ ಶಿಕಾಗೋದ ದೊಡ್ಡ ಹೆಸರಿನವನು ಕೂತಿದ್ದ; ಅಲ್ಲಿಂದ ಏಳುತ್ತಿರಲಿಲ್ಲ. ಬಂದವರೆಲ್ಲ ಗುರುಭಕ್ತಿ ಎಂದುಕೊಂಡರು. "ಮುಟ್ಟಬೇಡಿ ಮೇಡಂ. ದಯವಿಟ್ಟು. ಮಗು, ಕೈ ಹಿಂದಕ್ಕಿಟ್ಟುಕೋ ಕಂದ." ಈ ದಯವಿಟ್ಟು ಎಂಬ ಪದ ಅವನ ಬಾಯಿಂದ ಅದುವರೆಗೆ ಬಂದದ್ದನ್ನು ಕೇಳಿದವರು ಯಾರೂ ಇರಲಿಲ್ಲ.

ಆದರೆ ತೆರೆದೇ ಇಟ್ಟ ಪಾಪ್-ಅಪ್ ಪುಸ್ತಕಕ್ಕೆ ಏನಾಗುತ್ತದೆಂದು ಆ ಕಸುಬಿನವರಿಗೆಲ್ಲ ಗೊತ್ತು. ಮಡಿಕೆಗಳು ತಮ್ಮ ಬಿಗಿ ಮರೆಯುತ್ತವೆ. ನಿಂತದ್ದು ವಾಲುತ್ತದೆ. ಆರನೆಯ ವಾರಕ್ಕೆ ಬಿಳಿ ಗಂಡಸಿನ ತಲೆ ಜೋತುಬಿತ್ತು. ಲೈಲ್‌ನ ಗಲ್ಲ ಎದೆಗಿಳಿಯಿತು. ಕಿಟಕಿಯ ಕಡೆಗಿದ್ದ ಕೆನ್ನೆ ಹಳೆಯ ಪತ್ರಿಕೆಯಂತೆ ಹಳದಿಯಾಯಿತು. ಬೆರಳುಗಳು ಸೊಟ್ಟಗಾದವು. ಒಂದು ಕಡ್ಡಿ ಹಿಡಿಯಲೂ ಆಗದಾಯಿತು.

ಪ್ರದರ್ಶನ ಮುಗಿದ ದಿನ ಬೆಳಗ್ಗೆ ಕೋಣೆಯಲ್ಲಿ ಅವರಿಬ್ಬರೇ.

"ಹೀಗೇ ಬಿಟ್ಟರೆ ಹರಿದುಹೋಗುತ್ತೆ," ಎಂದಳು ವರ್ನಾ. "ವಿಶ್ರಾಂತಿ ಬೇಕು."

"ಎಷ್ಟು ದಿನ?" ಅವನ ಮಾತು ಈಗ ಸರಸರ ಎನ್ನುತ್ತಿತ್ತು.

"ಮಡಿಕೆ ಬಿಗಿಯಾಗೋಕೆ ಒಂದು ವರ್ಷ. ಆಮೇಲೆ ತೆರೀತೀನಿ. ನಾನು ಬದುಕಿದ್ದರೆ."

ವರ್ನಾಗೆ ಎಪ್ಪತ್ತೆಂಟು. ಇಬ್ಬರಿಗೂ ಆ ಲೆಕ್ಕ ಗೊತ್ತಿತ್ತು.

"ಮುಚ್ಚು," ಎಂದ.

ಅವಳು ಎರಡೂ ಕೈಯಿಂದ, ಮಗುವಿಗೆ ಹೊದಿಸುವಂತೆ ಮುಚ್ಚಿದಳು. ಈ ಸಲ ಎಡಗೈಯೂ ಹೊರಗುಳಿಯಲಿಲ್ಲ. ಸದ್ದು ನಿಂತ ಮೇಲೆ ಕುರ್ಚಿಯ ಮೇಲಿಂದ ಅವನನ್ನು ಎತ್ತಿಕೊಂಡಳು. ಒಂದು ದಿಂಬಿನಷ್ಟೂ ಭಾರವಿರಲಿಲ್ಲ. ದೊಡ್ಡ ಹಾಳೆಗಳನ್ನಿಡುವ ಅಗಲದ ಡ್ರಾಯರ್ ಎಳೆದು ಒಳಗೆ ಮಲಗಿಸಿದಳು. ಎಲ್ಲ ಸಪಾಟಾಗಿ ಕೂತಿತು, ಅಂಗಿಯ ಗುಂಡಿಗಳು ಮಾತ್ರ ಕೂರಲಿಲ್ಲ. ಮೇಲಿನ ಹಾಳೆಗೆ ಗುರುತು ಬೀಳುತ್ತದಲ್ಲ.

ವರ್ನಾ ಕತ್ತರಿ ತಂದು ಗುಂಡಿಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆದಳು. ಏಳಿದ್ದವು.