ಗ್ಲೆನ್‌ಡರಿಗ್‌ನ ಅರವತ್ತಮೂರು ಹೆಸರು

ಕಿಲ್‌ಬ್ರಾಕನ್ ಧರ್ಮಕೇಂದ್ರದ ಮರಣ ದಫ್ತರದಿಂದ ೧೮೪೮ನೆಯ ಇಸವಿಯ ಒಂದು ಹಾಳೆಯನ್ನು ಯಾರೋ ಕತ್ತರಿಸಿಕೊಂಡು ಹೋಗಿದ್ದರು. ಅದರಲ್ಲಿ ಅರವತ್ತಮೂರು ಹೆಸರುಗಳಿದ್ದವು. ಗೇಣಿ ಕೊಡಲಾಗದೆ ಗ್ಲೆನ್‌ಡರಿಗ್ ಹಳ್ಳಿಯಿಂದ ಹೊರದಬ್ಬಿಸಿಕೊಂಡು, ರಸ್ತೆ ಬದಿಯಲ್ಲಿ ಹಸಿದು ಸತ್ತವರ ಹೆಸರುಗಳು.

ಹಾಳೆ ಹೋದದ್ದನ್ನು ಮೊದಲು ಕಂಡವಳು ಟೀಚರ್ ಹನೋರಾ ಟ್ವೋಮಿ. ಆ ಮಂಗಳವಾರ ದನದ ಸಂತೆ. ಶಾಲೆಗೆ ರಜೆ. ಹನ್ನೊಂದು ವರ್ಷದಿಂದ ಊರಿನ ಚರಿತ್ರೆ ಬರೆಯುತ್ತಿದ್ದವಳು ಅವಳು. ಹೆಸರುಗಳನ್ನು ನಕಲು ಮಾಡಿಕೊಂಡಿದ್ದಳು. ಅವುಗಳ ಕೆಳಗೆ ಅಂದಿನ ಪಾದ್ರಿ ಮಾಸಲು ಶಾಯಿಯಲ್ಲಿ ಬರೆದಿದ್ದ ಸಾಲುಗಳನ್ನು ಮಾತ್ರ ಇನ್ನೂ ಓದಿರಲಿಲ್ಲ.

"ಈ ಊರಲ್ಲಿ ದಫ್ತರ ಮುಟ್ಟೋಳು ನೀನೊಬ್ಬಳೇ," ಅಂದರು ಪಾದ್ರಿ ಲೆಹೇನ್. "ಭಾನುವಾರದೊಳಗೆ ಹಾಳೆ ಬರಬೇಕು. ಇಲ್ಲಾಂದ್ರೆ ಶಾಲೆ ಬೀಗದಕೈ ನನ್ನ ಮೇಜಿನ ಮೇಲಿರಬೇಕು."

ಶಾಲೆ ಪಾದ್ರಿಗಳ ಕೈಯಲ್ಲಿತ್ತು. ಅವಳಿದ್ದ ಮನೆ ಶಾಲೆಯದು.

*

"ಆ ಬೋಸ್ಟನ್ನಿನವನೇ, ಟೀಚರ್," ಅಂದ ಚರ್ಚು ಕಾಯುವ ಮುದುಕ ಜೆರ್ ಕ್ರೋನಿನ್. "ವಂಶ ಹುಡುಕ್ತೀನಿ ಅಂತ ಬಂದು, ಎರಡು ದಿನ ಆ ಪುಸ್ತಕದ ಮೇಲೇ ಮಲಗಿದ್ದ."

"ಅವನು ನಿನ್ನೆ ರೈಲಿಗೇ ಹೋದ, ಜೆರ್. ಇವತ್ತು ಬೆಳಿಗ್ಗೆ ಪೂಜೆ ಮುಗಿದ ಮೇಲೂ ಹಾಳೆ ಇತ್ತು. ನಾನೇ ನೋಡಿದ್ದೀನಿ. ಆಮೇಲೆ ನೀನೆಲ್ಲಿದ್ದೆ?"

"ಸಂತೇಲಿ. ಊರೇ ಸಂತೇಲಿತ್ತಲ್ಲ!"

"ದಫ್ತರದ ಕೋಣೆ ಬೀಗದಕೈ?"

"ಹೂಕುಂಡದ ಕೆಳಗೆ. ನಮ್ಮಜ್ಜನ ಕಾಲದಿಂದ ಅಲ್ಲೇ ಇಡೋದು. ಏನು, ಈಗ ನನ್ನ ಮೇಲೂ ಅನುಮಾನವಾ?"

ಹನೋರಾ ಕಿಟಕಿಯ ಬೆಳಕಿಗೆ ದಫ್ತರ ಹಿಡಿದಳು. ಕತ್ತರಿಸಿದ ಅಂಚು ನೆಟ್ಟಗಿರಲಿಲ್ಲ. ಸಣ್ಣ ಸಣ್ಣ ಕಮಾನುಗಳಾಗಿ ಓಡಿತ್ತು. ಹೊಲಿಗೆಯ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ಉಗುರಿನಿಂದ ಎತ್ತಿದಳು. ಗಿಡ್ಡ ಕೂದಲು. ಕೆಂಪು.

"ಜೆರ್, ಇವತ್ತು ಕೆಂದು ಹೋರಿ ಕೊಂಡವರು ಯಾರು?"

"ಹೋರಿಗೂ ಹಾಳೆಗೂ ಏನು ಸಂಬಂಧ ತಾಯಿ?"

"ಕೇಳಿದ್ದಕ್ಕೆ ಹೇಳು."

"ಹೊರದೇಶಕ್ಕೆ ದನ ಸಾಗಿಸೋ ವ್ಯಾಪಾರಿಗಳೆಲ್ಲ ಕರಿದನ ಹೊಡ್ಕೊಂಡು ಹೋದ್ರು. ಕೆಂದು ಅಂದ್ರೆ... ಒಬ್ಬರೇ."

ಹನೋರಾ ಆಗಲೇ ರೈಲ್ವೆ ದೊಡ್ಡಿಯ ಕಡೆ ನಡೆದಿದ್ದಳು. ಅಲ್ಲಿ ಹದಿನಾಲ್ಕು ಕೆಂದು ಹೋರಿಗಳು ನಿಂತಿದ್ದವು. ಪ್ರತಿಯೊಂದರ ಸೊಂಟದ ಮೇಲೂ ಕೂದಲು ಕತ್ತರಿಸಿ ಮಾಡಿದ ಒಂದೇ ಗುರುತು.

*

ಗುರುವಾರ ಸಂತೆಕಟ್ಟೆಯ ಮಾಳಿಗೆಯಲ್ಲಿ ಚರಿತ್ರೆ ಸಮಿತಿ ಸೇರಿತು. ಪಾದ್ರಿ ಲೆಹೇನ್ ಕೂಡ ಬಂದು ಕೂತಿದ್ದರು. ಅಧ್ಯಕ್ಷ ಕಾನ್ ಹೆಗಾರ್ಟಿ, ದನದ ದೊಡ್ಡ ವ್ಯಾಪಾರಿ. ಅವನ ಮುತ್ತಜ್ಜ ಗ್ಲೆನ್‌ಡರಿಗ್‌ನವರ ಪರವಾಗಿ ಜಮೀನುದಾರನನ್ನು ಎದುರಿಸಿದನೆಂದು ಕೆತ್ತಿದ ಕಲ್ಲು ಆಗಲೇ ಗೋಡೆಗೆ ಒರಗಿ ನಿಂತಿತ್ತು. ಭಾನುವಾರ ಅದರ ಪರದೆ ಸರಿಸುವುದಿತ್ತು.

"ಕಳ್ಳ ಸಿಕ್ಕಿದನೇನಮ್ಮ?" ಹೆಗಾರ್ಟಿ ಕೇಳಿದ.

"ನಿಮ್ಮ ಕತ್ತರಿ ಕೊಡಿ ಸಾಹುಕಾರ್ರೇ."

"ಏನು?"

"ಕೊಂಡ ದನಕ್ಕೆ ಗುರುತು ಹಾಕೋ ಡೊಂಕು ಕತ್ತರಿ. ಸಂತೆ ದಿನ ಜೇಬಲ್ಲೇ ಇರತ್ತೆ. ಹಾಳೇನ ಅದು ಕಮಾನು ಕಮಾನಾಗಿ ಕತ್ತರಿಸಿದೆ. ಅಲಗಿಗಂಟಿದ್ದ ಕೆಂಪು ಕೂದಲು ಹೊಲಿಗೇಲಿ ಸಿಕ್ಕಿದೆ. ಮಂಗಳವಾರ ಕೆಂದು ಕೊಂಡವರು ನೀವೊಬ್ಬರೇ. ನಾನು ಬರೀತಾ ನಲವತ್ತೆಂಟನೇ ಇಸವಿ ಮುಟ್ಟಿದ್ದೀನಿ ಅಂತ ಕಳೆದ ಭಾನುವಾರ ಹೇಳಿದ್ದು ಈ ಕೋಣೇಲಿ ಮಾತ್ರ. ಇಲ್ಲಿ ದನದ ವ್ಯಾಪಾರಿ ಇನ್ಯಾರಿದ್ದಾರೆ?"

"ಅದರಲ್ಲಿ ನನಗೆ ಬೇಕಾದ್ದೇನಿತ್ತು?"

"ಹೆಸರುಗಳ ಕೆಳಗಿರೋದು. ಅದನ್ನ ನೀವು ಸುಟ್ಟಿಲ್ಲ. ಪೂಜೇಲಿ ಓದಿದ ಸತ್ತವರ ಹೆಸರನ್ನ ಬೆಂಕಿಗೆ ಹಾಕೋ ಎದೆ ಈ ಧರ್ಮಕೇಂದ್ರದಲ್ಲಿ ಯಾರಿಗಿದೆ? ನಿಮಗೂ ಇಲ್ಲ."

ಹೆಗಾರ್ಟಿಯ ಕೈ ತನ್ನಷ್ಟಕ್ಕೆ ಕೋಟಿನ ಎದೆಗೆ ಹೋಯಿತು. ಮಡಿಸಿದ ಹಾಳೆ ಹೊರಬಂತು.

ಹನೋರಾ ಗಟ್ಟಿಯಾಗಿ ಓದಿದಳು. ಮೊದಲು ಅರವತ್ತಮೂರು ಹೆಸರು, ಒಂದನ್ನೂ ಬಿಡದೆ. ತಮ್ಮ ಮನೆತನದ ಹೆಸರು ಬಂದಾಗ ಒಬ್ಬೊಬ್ಬರೇ ಎದ್ದು ನಿಂತರು. ತಲೆ ಬಗ್ಗಿಸಿ ಅಲ್ಲ, ಎತ್ತಿ. ಹಾಳೆಯಲ್ಲಿ ಟ್ವೋಮಿಗಳು ನಾಲ್ವರಿದ್ದರು. ಆಮೇಲೆ ಕೆಳಗಿನ ಸಾಲು: 'ಜಮೀನುದಾರನ ಕೂಲಿಗೆ ಹಾರೆ ಹಿಡಿದು ಇವರ ಸೂರು ಕೆಡವಿದವರು.' ಐದು ಹೆಸರು. ಮೊದಲನೆಯದೇ ಹೆಗಾರ್ಟಿ.

"ಹಸಿದಿದ್ದ ಕಣಮ್ಮ ಅವನೂ," ಹೆಗಾರ್ಟಿಯ ದನಿ ಒಡೆಯಿತು.

"ಹಾಗಂತಲೇ ಬರೀತೀನಿ. ಆದರೆ ಎದುರಿಸಿದ ಅಂತ ಬರೆಯೋದಿಲ್ಲ. ಎದುರಿಸಿದವರು ರಸ್ತೇಲಿ ಸತ್ತರು."

ಪಾದ್ರಿ ಲೆಹೇನ್ ಎದ್ದರು. "ಕಳ್ಳತನದ ಅಪವಾದ ನಿನ್ನ ಮೇಲಿಲ್ಲ, ಹನೋರಾ. ಅಲ್ಲಿಗೆ ಮುಗೀತು. ನಿನ್ನ ಪುಸ್ತಕಕ್ಕೆ ಅರವತ್ತಮೂರು ಹೆಸರು ಸಾಕು. ಆ ಹಾಳೆ ಇತ್ತ ಕೊಡು, ನನ್ನ ಪೆಟ್ಟಿಗೇಲಿರಲಿ. ಮರ್ಯಾದಸ್ಥರ ಮನೆತನ ಹೆಗಾರ್ಟಿಗಳದು. ನಿನಗೂ ಶಾಲೆ ಬೇಕಲ್ಲ?"

"ಬೇಕು, ಫಾದರ್. ಅಲ್ಲಿ ಮಕ್ಕಳಿಗೆ ಚರಿತ್ರೆ ಹೇಳಿಕೊಡೋಳು ನಾನು."

"ಕೊಡು ಅಂದೆ."

"ಕೊಡೋದಿಲ್ಲ."