ಮುಚ್ಚಿಟ್ಟ ಚುಕ್ಕಿ

ಪಕ್ಕೆಗೆ ಒತ್ತಿದ್ದು ಚಾಕು ಅಂದುಕೊಂಡೆ.

ಅಲ್ಲ. ಸ್ಕ್ರೂಡ್ರೈವರ್.

ಚಾಕು ಹಿಡಿದವನಿಗೆ ಅಷ್ಟೋ ಇಷ್ಟೋ ಅಭ್ಯಾಸವಿರುತ್ತದೆ, ಸ್ವಾಮಿ. ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಿರುತ್ತದೆ. ಸ್ಕ್ರೂಡ್ರೈವರ್ ಹಿಡಿದವನನ್ನು ನಂಬಬಾರದು. ಕಾರು ಒಂದು ಗುಂಡಿಗೆ ಬಿದ್ದರೆ ಸಾಕು, ಅವನಿಗೇ ಗೊತ್ತಿಲ್ಲದೆ ನನ್ನ ಕತೆ ಮುಗಿದಿರುತ್ತದೆ.

ರಸ್ತೆ ತುಂಬ ಗುಂಡಿ.

"ಭಾವ, ಆರಾಮಾಗಿ ಕೂತಿದ್ದೀರಾ?" ಸ್ಟೀರಿಂಗ್ ಹಿಡಿದವನು ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದ.

"ನಿನ್ನ ಹೆಣ ಎತ್ತಿದ ಮೇಲೆ ಆರಾಮಾಗಿ ಕೂರ್ತೀನಿ."

"ಇನ್ನೂ ಅದೇ ಸಿಟ್ಟು. ಬಿಪಿ ಚೆಕ್ ಮಾಡಿಸ್ಕೊಳ್ಳಿ ಭಾವ."

ಇವನು ನನ್ನ ತಂಗಿಯ ಗಂಡ. ಊರಿಗೆಲ್ಲ ಬೆಣ್ಣೆಯಂಥ ಮಾತು. ಮನೆ ಬಾಗಿಲು ಹಾಕಿಕೊಂಡ ಮೇಲೆ ಬೆಲ್ಟು. ಹೋದ ತಿಂಗಳು ತಂಗಿಯ ಹೆಗಲ ಮೂಳೆ ಮುರಿದ. ಅವಳು ಮಗಳ ಕೈ ಹಿಡಿದುಕೊಂಡು ಉಟ್ಟ ಬಟ್ಟೆಯಲ್ಲೇ ಹೊರಟುಬಂದಳು. ಇಂಥವರಿಗಾಗಿ ಹೆಂಗಸರ ಸಂಘವೊಂದು ಗುಟ್ಟಾಗಿ ಒಂದು ಮನೆ ನಡೆಸುತ್ತದೆ. ಅಲ್ಲಿಗೆ ಸೇರಿಸಿದ್ದೆ.

ನನ್ನ ಕಸುಬು ನಿಮಗೆ ಗೊತ್ತಲ್ಲ? ಕಾಣೆಯಾದವರನ್ನು ಹುಡುಕಿಕೊಡೋದು. ಅವತ್ತು ಮೊದಲ ಸಲ ಒಬ್ಬಳನ್ನು ನಾನೇ ಕಾಣೆ ಮಾಡಿದ್ದೆ. ನರಪಿಳ್ಳೆಗೂ ಸಿಗದ ಹಾಗೆ... ಅಂದುಕೊಂಡಿದ್ದೆ.

ಡ್ಯಾಶ್‌ಬೋರ್ಡಿನ ಮೇಲೆ ಅವನ ಫೋನು. ಫೋನಿನಲ್ಲಿ ಮ್ಯಾಪು. ಮ್ಯಾಪಿನ ಮೇಲೆ ಒಂದು ಕೆಂಪು ಚುಕ್ಕಿ.

ಚುಕ್ಕಿ ಕೂತಿದ್ದು ಆ ಮನೆಯ ನೆತ್ತಿಯ ಮೇಲೆ.

"ಬೆಳಿಗ್ಗೆ ಹೋಗಿದ್ದೆ ಭಾವ. ಬಾಗಿಲೇ ತೆಗೀಲಿಲ್ಲ, ಎಂಥಾ ಜನ. ನಿಮ್ಮ ದನಿ ಕೇಳಿದ್ರೆ ತೆಗೀತಾಳೆ. 'ಪುಟ್ಟಿ, ನಾನು' ಅಂತ ಒಂದ್ಸಲ ಅನ್ನಿ. ಆಮೇಲೆ ನಿಮ್ಮ ಪಾಡಿಗೆ ನೀವು."

"ಅನ್ನದಿದ್ರೆ?"

ನನ್ನ ಪಕ್ಕದಲ್ಲಿದ್ದವನು ಸ್ಕ್ರೂಡ್ರೈವರನ್ನು ಅರ್ಧ ಸುತ್ತು ತಿರುಗಿಸಿದ. ಅಂಗಿ ಹರಿಯಿತು. ಕುತ್ತಿಗೆಯೇ ಇಲ್ಲದ ಆಸಾಮಿ. ಗೂಳಿ ಅಂತ ಕರೀತಿದ್ದರು. ಹೆಸರಿಟ್ಟವರಿಗೆ ಕಣ್ಣು ಚೆನ್ನಾಗಿತ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಆ ಚುಕ್ಕಿ ಅವನ ಕೈಗೆ ಹೇಗೆ ಸಿಕ್ಕಿತು ಅನ್ನೋದು ನಿಮಗೆ ತಿಳಿಯಬೇಕು.

ಮಧ್ಯಾಹ್ನ ಆ ಮನೆಯ ವಾರ್ಡನ್ ಫೋನ್ ಮಾಡಿದ್ದರು. ಬೆಳಿಗ್ಗೆ ಇಬ್ಬರು ಗಂಡಸರು ಬಂದು ತಂಗಿಯ ಹೆಸರು ಹಿಡಿದು ಕೂಗಿ, ಬಾಗಿಲು ಗುದ್ದಿ ಹೋಗಿದ್ದರು. ಪೊಲೀಸರಿಗೆ ಹೇಳಿದರೆ, "ಗಂಡ ಹೆಂಡತಿ ಜಗಳ, ಕೂತು ಮಾತಾಡ್ಕೊಳ್ಳಿ" ಅಂದರಂತೆ. ತಂಗಿಯನ್ನು ಬೇರೆ ಕಡೆ ಸಾಗಿಸಲು ವ್ಯಾನು ಬರಬೇಕು. ಅದು ಸಂಜೆಗೆ.

ತಂಗಿಗೆ ಫೋನ್ ಕೊಡಿಸಿಕೊಂಡೆ.

"ವ್ಯಾನ್ ಬರೋ ತನಕ ಬಾಗಿಲು ತೆಗೀಬೇಡ. ಯಾರು ಕೂಗಿದ್ರೂ ಅಷ್ಟೇ. ನಾನೇ ಬಂದು ಕೂಗಿದ್ರೂ ತೆಗೀಬೇಡ."

"ನೀನು ಕೂಗಿದ್ರೆ ಯಾಕೆ ತೆಗೀಬಾರದು?"

"ನನ್ನ ಕತ್ತಿನ ಮೇಲೆ ಯಾರಾದ್ರೂ ಕೂತಿದ್ರೆ?"

"ಹೂಂ ಹೂಂ. ಪಾಪುಗೆ ಊಟ ಮಾಡಿಸ್ತಿದ್ದೀನಿ, ಇಡು."

ಹೂಂ ಹೂಂ! ಇದು ನನ್ನ ತಂಗಿ. ಬಾವಿಕಟ್ಟೆ ಹತ್ತಬೇಡ ಅಂದೆ, ಹತ್ತಿದಳು. ಆ ಮನುಷ್ಯನ ಕಣ್ಣು ಸರಿಯಿಲ್ಲ, ಮದುವೆ ಬೇಡ ಅಂದೆ, ಮಾಡಿಕೊಂಡಳು. ಹುಟ್ಟಿದಾಗಿನಿಂದ ನನ್ನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟವಳು. ನನ್ನ ದನಿ ಕೇಳಿದರೆ ಬಾಗಿಲು ತೆಗೆದೇ ತೆಗೆಯುತ್ತಾಳೆ. ಅವಳ ಗಂಡನಿಗೂ ಅದು ಗೊತ್ತು.

ವಿಳಾಸ ಬಿಟ್ಟುಕೊಟ್ಟವರು ಯಾರು? ನನಗೆ ಅನುಮಾನ ಬಂದಿದ್ದು ಟೀಚರ್ ಮೇಲೆ. ಸಂಘದ ವೆಬ್‌ಸೈಟ್ ಮಾಡಿಕೊಟ್ಟವಳು ಅವಳೇ. ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದಳು, ಆಮೇಲೆ ಪ್ರೋಗ್ರಾಮಿಂಗ್ ಕಲಿತು ಆ ಕೆಲಸ ಬಿಟ್ಟಳು. ಭಾನುವಾರ ಮಾತ್ರ ಎಲ್ಲೋ ತರಬೇತಿ ಹುಡುಗಿಯರಿಗೆ ನಕ್ಷೆ ಓದೋದು ಕಲಿಸ್ತಾಳೆ. ಚಟ ಬಿಡಬೇಕಲ್ಲ.

ಜೆರಾಕ್ಸ್ ಅಂಗಡಿಯ ಮೇಲೆ ಅವಳ ಕೋಣೆ. ಬಾಗಿಲು ಒದ್ದೇ ಒಳಗೆ ಹೋದೆ.

"ಯಾರಿಗೆ ಹೇಳಿದ್ರಿ?"

"ಏನನ್ನ?"

"ಮನೆ ವಿಳಾಸ!"

"ಅಣ್ಣಾ, ಮೊದಲು ಕಿತ್ತುಬಿದ್ದ ಆ ಚಿಲಕ ಎತ್ತಿಕೊಡಿ. ಆಮೇಲೆ ಬೈಯಿರಿ."

ಎತ್ತಿಕೊಟ್ಟೆ. ವಿಷಯ ಹೇಳಿದೆ. ಅವಳು ಮಾನಿಟರನ್ನು ನನ್ನ ಕಡೆ ತಿರುಗಿಸಿದಳು. ಸಂಘದ ಪೇಜು, ಮಧ್ಯದಲ್ಲಿ ಮ್ಯಾಪು. ಎಳೆದರೆ ಸರಿಯುತ್ತದೆ, ಹಿಗ್ಗಿಸಿದರೆ ಹಿಗ್ಗುತ್ತದೆ. ಅದರಲ್ಲಿ ಒಂದೇ ನೀಲಿ ಚುಕ್ಕಿ. ಸಂಘದ ಆಫೀಸು.

"ನೋಡಿ, ಮನೆ ಎಲ್ಲೂ ಇಲ್ಲ. ನಮ್ಮ ಕಾರ್ಯಕರ್ತೆಯರು ಪಾಸ್‌ವರ್ಡ್ ಹಾಕಿದ್ರೆ ಮಾತ್ರ ಕೆಂಪು ಚುಕ್ಕಿ ಕಾಣುತ್ತೆ."

"ಅವರಿಗೂ ಊರವರಿಗೂ ಒಂದೇ ಪೇಜಾ?"

"ಒಂದೇ. ಎರಡೆರಡು ಯಾಕೆ ಅಂತ..."

ಮಾತು ಅಲ್ಲಿಗೇ ನಿಂತಿತು.

"ನಿಲ್ಲಿಸಬೇಡಿ. ನನ್ನಂಥ ದಡ್ಡನಿಗೆ ತಿಳಿಯೋ ಹಾಗೆ ಹೇಳಿ."

"ಸರ್ವರ್‌ನಲ್ಲಿ ನಾನು ಬರೆದ ಕೋಡ್ ಇದೆ. ಯಾರಾದ್ರೂ ಪೇಜ್ ತೆರೆದ್ರೆ, ಯಾವ್ಯಾವ ಚುಕ್ಕಿ ಎಲ್ಲೆಲ್ಲಿ ಅಂತ ಪೇಜಿನ ಜೊತೆ ಬರೆದು ಕಳಿಸುತ್ತೆ. ನೋಡೋರ ಫೋನು ಅದನ್ನ ಓದಿ ಮ್ಯಾಪಿನ ಮೇಲೆ ಇಡುತ್ತೆ. ಮನೆ ಚುಕ್ಕಿಗೆ 'ತೋರಿಸಬೇಡ' ಅಂತ ಗುರುತು ಹಾಕಿದ್ದೀನಿ. ಪಾಸ್‌ವರ್ಡ್ ಇಲ್ಲದ ಫೋನು ಅದನ್ನ ಬಿಟ್ಟುಬಿಡುತ್ತೆ."

"ಅಂದ್ರೆ ಚುಕ್ಕಿ ಅವರ ಫೋನಿಗೆ ಹೋಗಿಯೇ ಹೋಗಿರುತ್ತೆ. ಕಾಣಲ್ಲ ಅಷ್ಟೇ."

ಅವಳು ಮೌಸಿನಿಂದ ಕೈ ತೆಗೆದಳು.

"ಏನ್ರೀ ಟೀಚರ್... ಅಡುಗೆಮನೆಯಲ್ಲಿರಬೇಕಾದ ಪಾತ್ರೆನ ಬೀದಿಯಲ್ಲಿಟ್ಟು, ಮೇಲೊಂದು ಬಟ್ಟೆ ಮುಚ್ಚಿದ್ದೀರಿ. ನಾಯಿಗೆ ಬಟ್ಟೆ ಯಾವ ಲೆಕ್ಕ?"

"ಎರಡು ಸಲ ಬರೆಯೋ ಸೋಮಾರಿತನ," ಅಂದಳು.

ನನಗೆ ಇನ್ನೂ ನಾಲ್ಕು ಮಾತು ಅನ್ನಬೇಕು ಅನಿಸಿತು. ಅವಳು ಆಗಲೇ ಕೀಬೋರ್ಡ್ ಎಳೆದುಕೊಂಡಿದ್ದಳು. ನುಂಗಿಕೊಂಡೆ.

ಅವಳು ಏನೇನೋ ಒತ್ತಿ ನೋಡಿದಳು. ಬೆಳಿಗ್ಗೆಯಿಂದ ಒಂದೇ ಒಂದು ಫೋನು ಚುಕ್ಕಿಗಳನ್ನು ಮತ್ತೆ ಮತ್ತೆ ಕೇಳಿತ್ತು. ಬಲ್ಲವನು ಯಾರೋ ಅವಳ ಪೇಜನ್ನು ನಕಲು ಮಾಡಿ, 'ತೋರಿಸಬೇಡ' ಅನ್ನುವ ಸಾಲು ಕಿತ್ತುಹಾಕಿ ಆ ಫೋನಿಗೆ ಕೊಟ್ಟಿದ್ದ. ಪೇಜು ನಕಲಿ. ಆದರೆ ಚುಕ್ಕಿಗಳು ಪ್ರತಿ ಸಲ ಇವಳ ಸರ್ವರ್‌ನಿಂದಲೇ ಹೋಗುತ್ತಿದ್ದವು.

"ಈಗಲೇ ನಿಲ್ಲಿಸಿಬಿಡ್ತೀನಿ."

"ಏನು ಪ್ರಯೋಜನ? ಅವನು ಮನೆ ನೋಡ್ಕೊಂಡು ಬಂದಾಯ್ತು." ಯೋಚಿಸಿದೆ. "ಆ ಫೋನು ಕೇಳಿದಾಗ ಮಾತ್ರ ಚುಕ್ಕಿನ ಬೇರೆ ಜಾಗಕ್ಕೆ ಹಾಕೋಕಾಗುತ್ತಾ?"

"ಆಗುತ್ತೆ. ಸರ್ವರ್ ಬಿಡೋಕೆ ಮುಂಚೆನೇ ಬದಲಾಯಿಸಬಹುದು. ಮೊದಲೇ ಹಾಗೆ ಮಾಡಬೇಕಿತ್ತು." ಕಣ್ಣೊರೆಸಿಕೊಂಡಳು. "ಎಲ್ಲಿಗೆ ಹಾಕ್ಲಿ?"

"ನರಕಕ್ಕೆ."

"ಅದರ ಅಕ್ಷಾಂಶ ರೇಖಾಂಶ ನನ್ನ ಹತ್ರ ಇಲ್ಲ ಅಣ್ಣಾ. ಹುಡುಕ್ತೀನಿ. ಸ್ವಲ್ಪ ಟೈಮ್ ಕೊಡಿ."

ವ್ಯಾನು ಬರುವ ತನಕ ಮನೆ ಕಾಯೋಣ ಅಂತ ಹೊರಟೆ. ಮೆಟ್ಟಿಲ ಕೆಳಗೆ ಗೂಳಿ ನಿಂತಿದ್ದ. ನನ್ನ ಆಫೀಸಿನಿಂದಲೇ ಬೆನ್ನು ಹತ್ತಿದ್ದರಂತೆ. ಊರವರನ್ನೆಲ್ಲ ಹುಡುಕುವ ನಾನು ನನ್ನ ಬೆನ್ನ ಹಿಂದೆ ನೋಡಿರಲಿಲ್ಲ. ನನ್ನ ಫೋನು ಚರಂಡಿಗೆ ಹೋಯಿತು. ನಾನು ಹಿಂದಿನ ಸೀಟಿಗೆ ಹೋದೆ.

ಈಗ ಕಾರಿಗೆ ವಾಪಸ್ ಬನ್ನಿ.

ಟೀಚರ್ ಕೆಲಸ ಮುಗಿಸಿದ್ದಾಳೋ ಇಲ್ಲವೋ ಗೊತ್ತಿಲ್ಲ. ಚುಕ್ಕಿ ಇನ್ನೂ ಆ ಮನೆಯ ಮೇಲೇ ಇದೆ. ಅವನು ಪೇಜನ್ನು ಹೊಸದಾಗಿ ತೆರೆದಿಲ್ಲ ಅಂತಲೋ? ಇಲ್ಲ, ಮ್ಯಾಪಿನ ಫೋಟೋ ತೆಗೆದಿಟ್ಟುಕೊಂಡಿದ್ದಾನೆ ಅಂತಲೋ? ಫೋಟೋ ಆದರೆ ನಾವು ಕೆಟ್ಟೆವು. ಫೋಟೋಗೆ ಯಾವ ಸರ್ವರೂ ಸುಳ್ಳು ಹೇಳಿಕೊಡಲಾರದು.

ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಬಾಗಿಲಿನ ಹಿಡಿಕೆಗೆ ಕೈ ಹಾಕಿದೆ. ಲಾಕು.

"ಮಕ್ಕಳ ಲಾಕು ಭಾವ," ಅಂದು ನಕ್ಕ. "ನಿಮ್ಮ ಸೋದರ ಸೊಸೆಗೆ ಅಂತ ಹಾಕಿಸಿದ್ದು."

ಅಂದವನು ಎರಡು ಬೆರಳಿಟ್ಟು ಮ್ಯಾಪನ್ನು ಹಿಗ್ಗಿಸಿದ.

ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಫೋಟೋ ಆಗಿದ್ದರೆ ಅಕ್ಷರ ಮಸುಕಾಗಬೇಕು. ಮಸುಕಾಗಲಿಲ್ಲ. ಅವನ ಬೆರಳ ಕೆಳಗೆ ಹೊಸ ಹೊಸ ಬೀದಿಗಳ ಹೆಸರು ಮೂಡಿದವು.

ಪೇಜು ಜೀವಂತವಾಗಿತ್ತು.

ಅವನು ಅದನ್ನು ಇನ್ನೊಂದು ಸಲ ತೆರೆಯಬೇಕು. ಅಷ್ಟೇ. ಟೀಚರ್ ಕೆಲಸ ಮುಗಿಸಿರದಿದ್ದರೆ ನಾನೀಗ ಹೇಳುವ ಸುಳ್ಳು ಅಲ್ಲೇ ಬಯಲಾಗುತ್ತದೆ. ಆಗ ಗೂಳಿ ಇದ್ದಾನೆ...

"ನಗು," ಅಂದೆ. "ಖಾಲಿ ಮನೆ ಮುಂದೆ ನಿಂತು ಇನ್ನೂ ಜೋರಾಗಿ ನಗು."

ಅಂದು ತುಟಿ ಕಚ್ಚಿಕೊಂಡೆ. ಬಾಯಿ ತಪ್ಪಿದವನ ಹಾಗೆ.

"ಏನಂದ್ರಿ?"

"ಏನಿಲ್ಲ."

"ಗೂಳಿ."

ಸ್ಕ್ರೂಡ್ರೈವರ್ ಚರ್ಮ ದಾಟಿತು. ಹಲ್ಲು ಕಚ್ಚಿ ಕೂತೆ. ಕೇಳಿದ ಕೂಡಲೇ ಕೊಟ್ಟ ಸುಳ್ಳನ್ನು ಯಾರೂ ಕೊಳ್ಳೋದಿಲ್ಲ, ಸ್ವಾಮಿ. ಕಿತ್ತುಕೊಂಡ ಸುಳ್ಳಿಗೇ ಬೆಲೆ. ಇನ್ನೊಮ್ಮೆ ಒತ್ತಿದ. ಸೊಂಟದ ಪಟ್ಟಿಯವರೆಗೆ ರಕ್ತ ಬೆಚ್ಚಗೆ ಇಳಿಯಿತು.

"ಮಧ್ಯಾಹ್ನ ಸಾಗಿಸಿದ್ರು..." ಅಂದೆ. "ಎಲ್ಲಿಗೆ ಅಂತ ನನಗೂ ಹೇಳಿಲ್ಲ. ದೇವರಾಣೆ."

ಅವನು ಕಾರನ್ನು ಪಕ್ಕಕ್ಕೆ ಹಾಕಿದ.

"ನೀವು ಹೇಳದಿದ್ರೆ ಬೇಡ. ಈ ಪೇಜು ನನ್ನ ಹತ್ರ ಏನೂ ಮುಚ್ಚಿಡಲ್ಲ."

ಬೆರಳಿನಿಂದ ಕೆಳಕ್ಕೆಳೆದ. ಪೇಜು ಬೆಳ್ಳಗಾಯಿತು. ಮೊದಲು ರಸ್ತೆಗಳು ಬಂದವು, ಚೌಕ ಚೌಕವಾಗಿ. ಆಮೇಲೆ ಕೆರೆ. ಆಮೇಲೆ ನೀಲಿ ಚುಕ್ಕಿ.

ಆ ಮನೆಯ ಮೇಲೆ ಏನೂ ಇರಲಿಲ್ಲ.

ಉಸಿರು ಬಿಟ್ಟೆ. ಬಿಟ್ಟಿದ್ದಕ್ಕೆ ಪಕ್ಕೆ ಹರಿದ ಹಾಗಾಯಿತು.

ಅವನು ಬೈದುಕೊಂಡು ಮ್ಯಾಪನ್ನು ಕುಗ್ಗಿಸಿದ. ಊರಿನ ಇನ್ನೊಂದು ತುದಿಯಲ್ಲಿ ಕೆಂಪು ಚುಕ್ಕಿ. ಮುಟ್ಟಿದ. ಸಣ್ಣ ಚೌಕಟ್ಟೊಂದು ತೆರೆದುಕೊಂಡಿತು. ಒಳಗೆ ಎರಡು ಸಾಲು. 'ಮಹಿಳಾ ವಸತಿ. ಹಿಂಬಾಗಿಲಿಗೆ ಬನ್ನಿ.'

"ನೋಡಿದ್ರಾ?" ಅಂದ. ಈ ಚುಕ್ಕಿ ಅವನಿಗೆ ಬೆಳಿಗ್ಗೆ ಒಮ್ಮೆ ನಿಜ ಹೇಳಿತ್ತು. ಇನ್ನು ಅನುಮಾನ ಯಾಕೆ ಬಂದೀತು?

ಅನುಮಾನ ಬಂದಿದ್ದು ನನಗೆ. ಆ ಜಾಗ ನನಗೆ ಗೊತ್ತಿರಲಿಲ್ಲ. ಅಲ್ಲಿ ಯಾರ ಮನೆಯ ಹೆಣ್ಣುಮಕ್ಕಳಿದ್ದಾರೋ. ನನ್ನ ತಂಗಿಯನ್ನು ಉಳಿಸಲು ಇನ್ನೊಬ್ಬರ ಬಾಗಿಲಿಗೆ ಈ ಪಾಪಿಗಳನ್ನು ಕರೆದುಕೊಂಡು ಹೋಗುತ್ತಿದ್ದೆನಲ್ಲ. ದಾರಿಯುದ್ದಕ್ಕೂ ಟೀಚರನ್ನು ಮನಸ್ಸಿನಲ್ಲೇ ಬೈದೆ.

ಹೊತ್ತು ಮುಳುಗುವಾಗ ತಲುಪಿದೆವು. ಉದ್ದನೆಯ ಗೋಡೆ. ಹಸಿರು ಕಬ್ಬಿಣದ ಬಾಗಿಲು. ಬೋರ್ಡಿಲ್ಲ. ಅವನ ಕಣ್ಣು ಫೋನಿನ ಮೇಲೆ, ಚುಕ್ಕಿ ಸರಿಯಾಗಿ ಬಾಗಿಲ ಮೇಲೆ ಕೂತಿದೆಯೇ ಅಂತ. ನನ್ನ ಕಣ್ಣು ಮಹಡಿಯ ಮೇಲೆ ಒಣಗಿಹಾಕಿದ ಬಟ್ಟೆಗಳ ಮೇಲೆ.

ಸಾಲು ಸಾಲು ಪ್ಯಾಂಟು. ಎಲ್ಲ ಒಂದೇ ಬಣ್ಣ.

ಖಾಕಿ.

"ಕೂಗಿ ಭಾವ." ನನ್ನನ್ನು ಇಳಿಸಿ ಬಾಗಿಲ ಮುಂದೆ ನಿಲ್ಲಿಸಿದ.

ಅಷ್ಟು ಖುಷಿಯಿಂದ ಜೀವಮಾನದಲ್ಲಿ ಕೂಗಿರಲಿಲ್ಲ.

"ಪುಟ್ಟೀ, ನಾನು! ಬಾಗಿಲು ತೆಗಿ!"

ತಕ್ಷಣ ತೆರೆಯಿತು. ಎತ್ತರದ ಹುಡುಗಿ, ಕುತ್ತಿಗೆಯಲ್ಲಿ ಸೀಟಿ. ಹಿಂದೆ ಇನ್ನೂ ಇದ್ದರು. ತುಂಬ ಇದ್ದರು. ಪೊಲೀಸ್ ತರಬೇತಿಯ ಹುಡುಗಿಯರು. ಭಾನುವಾರ ಟೀಚರ್ ಹತ್ತಿರ ನಕ್ಷೆ ಕಲಿಯುವವರು.

ಅವನ ಬೆಣ್ಣೆಮಾತು ಹೊರಬಂತು. "ಸಾರಿ ಮೇಡಂ, ತಪ್ಪು ಮನೆಗೆ ಬಂದ್ವಿ ಅನ್ಸುತ್ತೆ."

"ಇಲ್ಲ ಸಾರ್, ಸರಿಯಾಗೇ ಬಂದಿದ್ದೀರಿ. ಟೀಚರ್ ಫೋನ್ ಮಾಡಿದ್ರು."

ಗೂಳಿ ಸ್ಕ್ರೂಡ್ರೈವರ್ ಎಸೆದು ಓಡಿದ. ದಿನಾ ಬೆಳಕು ಹರಿಯುವ ಮುಂಚೆ ಮೈದಾನ ಸುತ್ತುವವರ ಮುಂದೆ ಓಡಿದ. ಓಣಿ ದಾಟಲಿಲ್ಲ.

ಇವನು ಕಾರೊಳಗೆ ನುಗ್ಗಿ ಲಾಕು ಹಾಕಿಕೊಂಡ. ನಾನು ಸ್ಕ್ರೂಡ್ರೈವರ್ ಎತ್ತಿಕೊಂಡೆ. ಗಾಜಿಗೆ ಒಂದೇ ಏಟು. ಕೀ ಕಿತ್ತುಕೊಂಡೆ. ಅವನ ಕಾಲರ್ ಕೂಡ ಹಿಡಿದಿದ್ದೆ, ಹುಡುಗಿಯರು ಬಿಡಿಸಿದರು. "ಅಣ್ಣಾ, ಬಿಡಿ. ನಮಗೂ ಪ್ರಾಕ್ಟೀಸ್ ಬೇಕು."

ಈ ಸಲ ಗಂಡ ಹೆಂಡತಿ ಜಗಳ ಅನ್ನಲು ಆಗಲಿಲ್ಲ. ಅಪಹರಣ, ಇರಿತ, ಇಷ್ಟೊಂದು ಸಾಕ್ಷಿ. ಆದರೂ ಒಂದಲ್ಲ ಒಂದು ದಿನ ಜಾಮೀನು ಸಿಗುತ್ತದೆ. ಗೊತ್ತು. ಪಕ್ಕೆಗೆ ಬಟ್ಟೆ ಬಿಗಿದು ಕೊಟ್ಟ ಹುಡುಗಿಯ ಫೋನಿನಿಂದ ಟೀಚರ್‌ಗೆ ಹೇಳಿದೆ.

"ನರಕ ಚೆನ್ನಾಗಿದೆ ಟೀಚರ್."

ಅವಳು ನಗಲಿಲ್ಲ.

"ಅಣ್ಣಾ, ಆ ಚುಕ್ಕಿ ತಿಂಗಳುಗಟ್ಟಲೆ ಎಲ್ಲರ ಫೋನಿಗೂ ಹೋಗಿದೆ. ಇವನೊಬ್ಬನೇ ಬಟ್ಟೆ ಸರಿಸಿ ನೋಡಿದ್ದು ಅಂತ ನಾನು ಹೇಗೆ ಹೇಳ್ಲಿ?"

ಆ ಮನೆಯಲ್ಲಿರುವ ಹೆಂಗಸರೆಲ್ಲ ಗಂಟುಮೂಟೆ ಕಟ್ಟಬೇಕು. ಮತ್ತೆ.

ತರಬೇತಿ ಹುಡುಗಿಯರ ಜೀಪಿನಲ್ಲೇ ಅಲ್ಲಿಗೆ ಹೋದೆ. ವ್ಯಾನು ಇನ್ನೂ ಬಂದಿರಲಿಲ್ಲ. ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ.

"ಪುಟ್ಟಿ, ನಾನು."

ಒಳಗೆ ಮಗುವಿನ ದನಿ ಕೇಳಿತು. ಯಾರೋ ಅದರ ಬಾಯಿ ಮುಚ್ಚಿದರು.

"ಪುಟ್ಟಿ, ಅವನು ಸಿಕ್ಕಿಬಿದ್ದ. ತೆಗಿ."

ಬಹಳ ಹೊತ್ತಾದ ಮೇಲೆ ಬಾಗಿಲ ಸಂದಿಯಿಂದ ತಂಗಿಯ ದನಿ.

"ಅಣ್ಣಾ... ನಿನ್ನ ಕತ್ತಿನ ಮೇಲೆ ಯಾರಿದ್ದಾರೆ?"

"ಯಾರೂ ಇಲ್ಲ ಕಣೆ."

"ಇದ್ರೂ ನೀನು ಹಾಗೇ ಅಂತೀಯ."

ಪಕ್ಕೆಗೆ ಕಟ್ಟಿದ ಬಟ್ಟೆ ಒದ್ದೆಯಾಗುತ್ತಿತ್ತು. ಮೆಟ್ಟಿಲ ಮೇಲೆ ಕೂತೆ. ವ್ಯಾನು ಬರುವ ತನಕ ಆ ಬಾಗಿಲು ಅಲುಗಲಿಲ್ಲ.

ಹುಟ್ಟಿದಾಗಿನಿಂದ ನನ್ನ ತಂಗಿ ನನ್ನ ಮಾತು ಕೇಳಿದ್ದು ಅದೊಂದೇ ಸಲ, ಸ್ವಾಮಿ. ಹೊಲಿಗೆ ಏಳು ಬಿತ್ತು.